ಗಿಟಾರಿನ ಟೋನ್: ಹುಡುಕಾಟ ಸ್ಪೀಕರಿನ ಕಡೆಯಿಂದ

ಎಲೆಕ್ಟ್ರಿಕ್ ಗಿಟಾರ್ ತನ್ನ ನಾದದ ಅರ್ಧವನ್ನಷ್ಟೇ ತನ್ನ ಮೈಯಲ್ಲಿ ಇಟ್ಟುಕೊಂಡಿರುವ ವಾದ್ಯ. ಉಳಿದರ್ಧ ಅದರ ಕೇಬಲ್ ಹೋಗಿ ಸೇರುವ ಆಂಪ್ಲಿಫೈಯರಿನಲ್ಲಿ, ವಾದಕರು ಚುಟುಕಾಗಿ ಆಂಪ್ ಎನ್ನುವ ಪೆಟ್ಟಿಗೆಯಲ್ಲಿ, ಇರುತ್ತದೆ. ವೀಣೆಗೆ ಹಲಸಿನ ಮರದ ಕೊಡ ಏನು ಮಾಡುತ್ತದೆಯೋ ಅದನ್ನೇ ಈ ವಾದ್ಯಕ್ಕೆ ಆಂಪ್ ಮಾಡುತ್ತದೆ: ಕೇಳಿಸದಷ್ಟು ಸಣ್ಣ ಕಂಪನವನ್ನು ಕೇಳಿಸುವಂತೆ ಹಿಗ್ಗಿಸುವುದರ ಜೊತೆಗೆ ಅದಕ್ಕೊಂದು ಬಣ್ಣವನ್ನೂ ತೂಕವನ್ನೂ ಕೊಡುತ್ತದೆ. ಈ ಬಣ್ಣ, ತೂಕಗಳನ್ನು ಒಟ್ಟಾಗಿ ಸೂಚಿಸಲು ಗಿಟಾರ್ ವಾದಕರಲ್ಲಿ ಬಳಕೆಯಲ್ಲಿರುವ ಮಾತು ಟೋನ್. ಕಳೆದ ಮೂರು ದಶಕಗಳಲ್ಲಿ ಆ ಪೆಟ್ಟಿಗೆ ಕರಗಿ ಲೆಕ್ಕಾಚಾರವಾಗಿದೆ. ಇಪ್ಪತ್ತು ಮೂವತ್ತು ಕಿಲೋ ತೂಗುತ್ತಿದ್ದ ಆಂಪ್‌ನ ವರ್ತನೆಯನ್ನು ಗಣಿತದ ಮೂಲಕ ಅನುಕರಿಸುವ ಡಿಜಿಟಲ್ ಮಾದರಿಗಳು, ಅಂದರೆ ಆಂಪ್ ಮಾಡೆಲ್‌ಗಳು, ಇಂದು ಲ್ಯಾಪ್‌ಟಾಪಿನಲ್ಲಿ, ಕಾಲಡಿಯ ಪೆಡಲಿನಲ್ಲಿ, ಫೋನಿನಲ್ಲಿ ಕೂಡ ದೊರೆಯುತ್ತವೆ. ಒಂದೇ ಯಂತ್ರದಲ್ಲಿ ಹತ್ತಾರು ಆಂಪ್‌ಗಳು ಕುಳಿತಿರುವಾಗ ಒಳ್ಳೆಯ ಟೋನ್ ಸಿಗುವುದು ಸುಲಭವಾಗಬೇಕಿತ್ತು. ಆದರೆ ಮಾದರಿಯಿಂದ ಮಾದರಿಗೆ ದಾಟುತ್ತ, ಯಾವುದರಲ್ಲೂ ತೃಪ್ತಿ ಕಾಣದೆ, ನುಡಿಸುವ ಹೊತ್ತನ್ನೆಲ್ಲ ಹುಡುಕಾಟಕ್ಕೇ ತೆರುವ ವಾದಕರು ಎಲ್ಲೆಡೆ ಇದ್ದಾರೆ. ಈ ಅತೃಪ್ತಿಯ ಕಾರಣ ಬಹುಮಟ್ಟಿಗೆ ಆಂಪ್ ಮಾದರಿಯ ಹಿಂದೆ ಮುಂದೆ ನಿಂತಿರುವ ಹಂತಗಳಲ್ಲಿ, ವಿಶೇಷವಾಗಿ ಸ್ಪೀಕರಿನಲ್ಲಿ, ಅಡಗಿರುತ್ತದೆ ಎಂಬುದನ್ನು ತೋರಿಸುವುದು ಈ ಬರಹದ ಉದ್ದೇಶ.

ಅದಕ್ಕೆ ಮೊದಲು ನಾದ ಸಾಗುವ ದಾರಿಯನ್ನು ಒಮ್ಮೆ ನೋಡಬೇಕು. ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿದೆ. ಅಯಸ್ಕಾಂತಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಯನ್ನು ಏಳೆಂಟು ಸಾವಿರ ಸುತ್ತು ಸುತ್ತಿ ಮಾಡಿದ ಈ ಸುರುಳಿಯ ಮೇಲೆ ತಂತಿ ಕಂಪಿಸಿದಾಗ, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ನಿಯಮದಂತೆ, ಸುರುಳಿಯಲ್ಲಿ ಅದೇ ಲಯದ ವಿದ್ಯುತ್ತು ಹುಟ್ಟುತ್ತದೆ. ಒಂದು ವೋಲ್ಟಿಗೂ ಬಹಳ ಕಡಿಮೆಯಿರುವ ಈ ಸಂಕೇತ ಕೇಬಲಿನ ಮೂಲಕ ಆಂಪ್‌ಗೆ ಬಂದು, ಅಲ್ಲಿ ನಿರ್ವಾತ ನಳಿಕೆಗಳಲ್ಲಿ, ಅಂದರೆ ವಾಲ್ವ್‌ಗಳಲ್ಲಿ, ಹಂತಹಂತವಾಗಿ ಹಿಗ್ಗುತ್ತದೆ. ಆಕಾಶವಾಣಿಯನ್ನು ದೊಡ್ಡ ಮರದ ಪೆಟ್ಟಿಗೆಯ ರೇಡಿಯೋದಲ್ಲಿ ಕೇಳಿ ಬೆಳೆದ ತಲೆಮಾರಿಗೆ ವಾಲ್ವ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಸ್ವಿಚ್ ಹಾಕಿದ ಕೆಲವು ಕ್ಷಣಗಳ ಮೇಲೆ ಒಳಗೆ ಕೆಂಪಗೆ ಹೊಳೆಯುತ್ತಿದ್ದ ಗಾಜಿನ ಬುರುಡೆಗಳೇ ಅವು. 1954ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ನೆಲೆಗೊಂಡ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1960ರ ದಶಕದಲ್ಲಿ ಇಂಥ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಗಿಟಾರ್ ಆಂಪ್‌ಗಳಲ್ಲಿ ಬಳಕೆಯಾದ ವಾಲ್ವ್‌ಗಳೂ ಇದೇ ಕುಲಕ್ಕೆ ಸೇರಿದವು.

ವಾಲ್ವ್‌ಗೆ ಒಂದು ಮಿತಿಯಿದೆ. ಒಳಬರುವ ಅಲೆಯನ್ನು ಅದು ಒಂದು ಎತ್ತರದವರೆಗೆ ಮಾತ್ರ ಹಿಗ್ಗಿಸಬಲ್ಲದು. ಅದಕ್ಕೂ ಮೀರಿದ ಅಲೆ ಬಂದರೆ ಅದರ ನೆತ್ತಿ ತಟ್ಟಿದಂತೆ ಚಪ್ಪಟೆಯಾಗುತ್ತದೆ. ವಾಲ್ವ್ ಈ ಮಿತಿಯನ್ನು ತಲುಪುವಾಗ ಅಲೆಯ ಭುಜಗಳು ಮೆಲ್ಲನೆ ಬಾಗುತ್ತವೆ, ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಒಂದೇ ಬಗೆಯಲ್ಲಿ ಬಾಗುವುದಿಲ್ಲ, ಮೀಟು ಬಲವಾದಷ್ಟೂ ಬಾಗು ಹೆಚ್ಚುತ್ತದೆ. ಹೀಗೆ ಆಕಾರ ಕೆಟ್ಟ ಅಲೆಯಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನದ ಹೊಸ ಸ್ವರಗಳು, ಹಾರ್ಮೋನಿಕ್ ಎಂದು ಕರೆಯಲಾಗುವ ಮೇಲುಸ್ವರಗಳು, ಹುಟ್ಟಿಕೊಳ್ಳುತ್ತವೆ. ಇದಕ್ಕೆ ಡಿಸ್ಟಾರ್ಷನ್ ಎಂದು ಹೆಸರು. ವಿರೂಪ ಎಂಬ ಅರ್ಥದ ಈ ಪದ ಎಂಜಿನಿಯರರ ದೃಷ್ಟಿಯಲ್ಲಿ ದೋಷವನ್ನು ಸೂಚಿಸಿದರೂ ಸಂಗೀತದಲ್ಲಿ ಅದು ಸಂಪತ್ತಾಯಿತು.

ಕನ್ನಡದ ಕೇಳುಗರಿಗೆ ಇದರಲ್ಲಿ ಅಪರಿಚಿತವಾದದ್ದೇನೂ ಇಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆಯೊಂದನ್ನು ಸರಿಸಿ ಜೀವಾಳಿ ಕೂಡಿಸಿದ ಕ್ಷಣದಲ್ಲಿ, ಅದುವರೆಗೆ ಬೋಳಾಗಿದ್ದ ಷಡ್ಜದೊಳಗಿಂದ ಮೇಲುಸ್ವರಗಳ ಗೊಂಚಲೇ ಎದ್ದು ಬರುತ್ತದೆ. ತಂತಿ ಕುದುರೆಯ ಬಾಗಿದ ಮೈಯನ್ನು ಸವರುತ್ತ ಕಂಪಿಸುವುದೇ ಇದಕ್ಕೆ ಕಾರಣ. ಸಿ.ವಿ. ರಾಮನ್ 1921ರಲ್ಲಿ ಭಾರತೀಯ ತಂತಿವಾದ್ಯಗಳನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ, ತಂಬೂರಿ ಮತ್ತು ವೀಣೆಗಳು ಸಾಮಾನ್ಯ ನಿಯಮದಂತೆ ಹುಟ್ಟಬಾರದ ಮೇಲುಸ್ವರಗಳನ್ನೂ ಹುಟ್ಟಿಸುತ್ತವೆ ಎಂಬುದನ್ನು ತೋರಿಸಿ, ಅದರ ಮೂಲವನ್ನು ಕುದುರೆಯ ಆಕಾರದಲ್ಲಿ ಗುರುತಿಸಿದರು. ತಂಬೂರಿಯಲ್ಲಿ ಕುದುರೆ ಮಾಡುವ ಕೆಲಸವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ವಾಲ್ವ್ ಮಾಡುತ್ತದೆ; ಎರಡೂ ಕಡೆ ಒಳಬಂದದ್ದಕ್ಕೂ ಹೊರಹೋಗುವುದಕ್ಕೂ ನಡುವೆ ಸರಳ ಅನುಪಾತ ತಪ್ಪಿದ ಒಂದು ಹಂತವೇ ನಾದಕ್ಕೆ ಜೀವ ತುಂಬುತ್ತದೆ.

ಈ ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಎರಡು ಸ್ವರಗಳು ಒಟ್ಟಿಗೆ ಬಾಗುವ ವಾಲ್ವ್‌ನೊಳಗೆ ಹೋದಾಗ ಅವುಗಳ ಮೇಲುಸ್ವರಗಳ ಜೊತೆಗೆ ಅವುಗಳ ಮೊತ್ತದ ಮತ್ತು ವ್ಯತ್ಯಾಸದ ಆವರ್ತನಗಳೂ ಹೊರಬರುತ್ತವೆ. 110 ಹರ್ಟ್ಸ್‌ನ ಷಡ್ಜಕ್ಕೆ 165 ಹರ್ಟ್ಸ್‌ನ ಪಂಚಮ ಸೇರಿದರೆ ವ್ಯತ್ಯಾಸ 55 ಹರ್ಟ್ಸ್, ಅಂದರೆ ಅದೇ ಷಡ್ಜದ ಕೆಳಗಿನ ಸ್ಥಾಯಿ. ಯಾರೂ ನುಡಿಸದ ಮಂದ್ರ ಸ್ವರವೊಂದು ತಾನಾಗಿ ಬಂದು ಬುನಾದಿ ಹಾಕುತ್ತದೆ. ರಾಕ್ ಸಂಗೀತದಲ್ಲಿ ಪವರ್ ಕಾರ್ಡ್ ಎಂದು ಹೆಸರಾದ, ಷಡ್ಜ ಪಂಚಮಗಳಷ್ಟೇ ಇರುವ ಜೋಡಿ ಅಷ್ಟು ಗಂಭೀರವಾಗಿ ಕೇಳಿಸುವುದಕ್ಕೆ ಇದೇ ಕಾರಣ. ಅದಕ್ಕೆ ಗಾಂಧಾರವನ್ನೂ ಸೇರಿಸಿ, ಡಿಸ್ಟಾರ್ಷನ್ ಹೆಚ್ಚಿಸಿದರೆ, ಹುಟ್ಟುವ ಹೊಸ ಸ್ವರಗಳು ಒಂದಕ್ಕೊಂದು ಹೊಂದದೆ ಕಲಸಿಹೋಗುತ್ತವೆ. ಒಂದು ಮಾದರಿ ಒಂದು ಹಾಡಿಗೆ ಚೆನ್ನಾಗಿದ್ದು ಇನ್ನೊಂದಕ್ಕೆ ಕೆಟ್ಟದಾಗಿ ಕೇಳಿಸಿದರೆ, ತಪ್ಪು ಮಾದರಿಯದೋ ಕಾರ್ಡಿನದೋ ಎಂದು ಮೊದಲು ಕೇಳಿಕೊಳ್ಳಬೇಕಾಗುತ್ತದೆ.

ಇಂದು ಡಿಜಿಟಲ್ ಯಂತ್ರಗಳು ಅನುಕರಿಸುವ ಆಂಪ್‌ಗಳ ವಂಶಾವಳಿ ಅಚ್ಚರಿಯಾಗುವಷ್ಟು ಚಿಕ್ಕದು. ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿಯಿಂದ ಆರಂಭಿಸಿದ ಲಿಯೋ ಫೆಂಡರ್, 1950ರ ದಶಕದಲ್ಲಿ ಬೇಸ್ ಗಿಟಾರಿಗೆಂದು ಬೇಸ್‌ಮನ್ ಎಂಬ ಆಂಪ್ ರೂಪಿಸಿದರು; ಹತ್ತಿಂಚಿನ ನಾಲ್ಕು ಸ್ಪೀಕರುಗಳಿದ್ದ ಅದನ್ನು ಬೇಸ್ ವಾದಕರಿಗಿಂತ ಗಿಟಾರ್ ವಾದಕರೇ ಹೆಚ್ಚು ಪ್ರೀತಿಸಿದರು. ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟುಕೊಂಡಿದ್ದ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು 1962ರ ಸುಮಾರಿಗೆ ಇದೇ ಬೇಸ್‌ಮನ್‌ನ ಸರ್ಕಿಟ್ಟನ್ನು ಮಾದರಿಯಾಗಿಟ್ಟುಕೊಂಡು ಜೆಟಿಎಂ 45 ಎಂಬ ಆಂಪ್ ಕಟ್ಟಿದರು. ಸರ್ಕಿಟ್ ಹೆಚ್ಚು ಕಡಿಮೆ ಒಂದೇ ಆಗಿದ್ದರೂ ನಾದ ಬೇರೆಯಾಯಿತು. ವಾಲ್ವ್‌ಗಳು ಬೇರೆಯಾಗಿದ್ದುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ಹಿಂಬದಿ ತೆರೆದ ಪೆಟ್ಟಿಗೆಯಲ್ಲಿನ ಹತ್ತಿಂಚಿನ ಅಮೆರಿಕನ್ ಸ್ಪೀಕರುಗಳ ಜಾಗದಲ್ಲಿ, ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೂತ ಹನ್ನೆರಡಿಂಚಿನ ನಾಲ್ಕು ಸೆಲೆಶನ್ ಸ್ಪೀಕರುಗಳು ಬಂದವು. ಹೆಚ್ಚು ಕಡಿಮೆ ಒಂದೇ ಸರ್ಕಿಟ್ ಎರಡು ಬಗೆಯ ಸ್ಪೀಕರುಗಳ ಮೂಲಕ ಎರಡು ಪರಂಪರೆಗಳನ್ನೇ ಹುಟ್ಟುಹಾಕಿತೆಂಬ ಈ ಸಂಗತಿ ಟೋನ್ ಹುಡುಕುವವರೆಲ್ಲರೂ ನೆನಪಿಡಬೇಕಾದದ್ದು.

ಡಿಜಿಟಲ್ ಅನುಕರಣೆಯ ಇತಿಹಾಸವನ್ನು ಬೇಗನೆ ಹೇಳಿ ಮುಗಿಸಬಹುದು. ಜಪಾನಿನ ರೋಲ್ಯಾಂಡ್ ಸಂಸ್ಥೆಯ ವಿಜಿ-8 1995ರಲ್ಲಿ ಬಂತು. ಮರುವರ್ಷ ಅಮೆರಿಕದ ಲೈನ್ 6 ಸಂಸ್ಥೆ ಆಕ್ಸಿಸ್ 212 ಎಂಬ ಆಂಪನ್ನೂ, 1998ರಲ್ಲಿ ಹುರುಳಿಕಾಯಿಯ ಬೀಜದಾಕಾರದ ಕೆಂಪು ಪಾಡ್ ಯಂತ್ರವನ್ನೂ ತಂದಿತು. ಮನೆಯ ಕೋಣೆಯಲ್ಲಿ ಕುಳಿತು ಹೆಡ್‌ಫೋನಿನಲ್ಲಿ ಮಾರ್ಷಲ್ ನಾದ ಕೇಳುವುದನ್ನು ಸಾಮಾನ್ಯ ವಾದಕರಿಗೆ ಎಟುಕುವಂತೆ ಮಾಡಿದ್ದು ಈ ಪಾಡ್. 2006ರಲ್ಲಿ ಫ್ರ್ಯಾಕ್ಟಲ್ ಆಡಿಯೋದ ಆಕ್ಸ್-ಎಫ್‌ಎಕ್ಸ್, 2011ರಲ್ಲಿ ಜರ್ಮನಿಯ ಕೆಂಪರ್ ಪ್ರೊಫೈಲರ್, 2015ರಲ್ಲಿ ಲೈನ್ 6ರ ಹೀಲಿಕ್ಸ್ ಬಂದು, ದೊಡ್ಡ ವೇದಿಕೆಗಳ ಮೇಲೂ ವಾಲ್ವ್ ಆಂಪ್‌ಗಳ ಜಾಗವನ್ನು ಈ ಯಂತ್ರಗಳು ಹಿಡಿಯತೊಡಗಿದವು.

ಇವುಗಳ ಒಳಗೆ ಎರಡು ವಿಭಿನ್ನ ವಿಚಾರಧಾರೆಗಳು ಕೆಲಸ ಮಾಡುತ್ತವೆ. ಮೊದಲನೆಯದು ಸರ್ಕಿಟ್ಟಿನ ನಕ್ಷೆಯನ್ನು ಮುಂದಿಟ್ಟುಕೊಂಡು ಪ್ರತಿಯೊಂದು ರೆಸಿಸ್ಟರ್, ಕೆಪಾಸಿಟರ್, ವಾಲ್ವ್‌ಗಳ ನಡವಳಿಕೆಯನ್ನು ಸಮೀಕರಣಗಳಾಗಿ ಬರೆದು, ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಬಿಡಿಸುವ ಮಾರ್ಗ. ಯಂತ್ರದ ಒಳಗೆಲ್ಲ ಕಾಣುವುದರಿಂದ ಇದಕ್ಕೆ ವೈಟ್ ಬಾಕ್ಸ್ ಎಂಬ ಹೆಸರಿದೆ. ಎರಡನೆಯದು ಒಳಗೇನಿದೆ ಎಂಬ ಗೊಡವೆಗೇ ಹೋಗದೆ, ಆಂಪ್‌ಗೆ ಕೊಟ್ಟ ಧ್ವನಿ ಯಾವುದು, ಅದರಿಂದ ಬಂದ ಧ್ವನಿ ಯಾವುದು ಎಂಬ ಎರಡನ್ನೇ ಹೋಲಿಸಿ ಇವೆರಡರ ನಡುವಿನ ಸಂಬಂಧವನ್ನು ಕಲಿಯುವ ಬ್ಲ್ಯಾಕ್ ಬಾಕ್ಸ್ ಮಾರ್ಗ. ಯಂತ್ರಕಲಿಕೆಯ ಈ ಕಾಲದಲ್ಲಿ ಎರಡನೆಯದು ಬಹು ಬೇಗ ಮುಂದೆ ಬಂದಿದೆ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ನ್ಯೂರಲ್ ನೆಟ್‌ವರ್ಕ್ ಮೂಲಕ ವಾಲ್ವ್ ಆಂಪ್ ಅನುಕರಿಸುವ ವಿಧಾನವನ್ನು ಪ್ರಕಟಿಸಿದಾಗ ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ಅದೇ ಹಳೆಯ ಬೇಸ್‌ಮನ್‌ನ ಸರ್ಕಿಟ್ಟನ್ನು. ಮರುವರ್ಷದ ಪ್ರಬಂಧದಲ್ಲಿ ಅದೇ ಬಳಗ, ಇಂಥ ಜಾಲವನ್ನು ತರಬೇತಿಗೊಳಿಸಲು ಮೂರು ನಿಮಿಷಗಳ ಧ್ವನಿಮುದ್ರಣ ಸಾಕೆಂದು ತೋರಿಸಿತು. ಆ ಪ್ರಬಂಧಕ್ಕಾಗಿ ಕೇಳುಗರ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಎರಡು ವಾಲ್ವ್ ಆಂಪ್‌ಗಳ ಮಾದರಿಗಳಿದ್ದವು. ಒಂದರಲ್ಲಿ ವ್ಯತ್ಯಾಸ ತಿಳಿಯುತ್ತಿದ್ದರೂ ಗುಣಮಟ್ಟ ಅತ್ಯುತ್ತಮವೆಂಬ ತೀರ್ಪು ಬಂತು, ಇನ್ನೊಂದರಲ್ಲಿ ದೊಡ್ಡ ಜಾಲಗಳು ಕೊಟ್ಟ ನಾದಕ್ಕೂ ಮೂಲ ಆಂಪ್‌ನ ನಾದಕ್ಕೂ ಇರುವ ವ್ಯತ್ಯಾಸವನ್ನು ಅನೇಕ ಕೇಳುಗರು ಗುರುತಿಸಲಾರದೆ ಹೋದರು.

ಎರಡು ಮಾರ್ಗಗಳಿಗೂ ಅವುಗಳದೇ ಕೊರತೆಗಳಿವೆ. ಧ್ವನಿಯಿಂದ ಕಲಿತ ಮಾದರಿ ಸಾಮಾನ್ಯವಾಗಿ ಒಂದು ಭಾವಚಿತ್ರದಂತೆ, ಆ ಹೊತ್ತಿನಲ್ಲಿ ಆಂಪ್‌ನ ನಾಬ್‌ಗಳು ಎಲ್ಲಿದ್ದವೋ ಆ ಸ್ಥಿತಿಯನ್ನಷ್ಟೇ ಹಿಡಿದಿರುತ್ತದೆ. ಸರ್ಕಿಟ್ಟಿನಿಂದ ಕಟ್ಟಿದ ಮಾದರಿಯಲ್ಲಿ ನಾಬ್‌ಗಳು ಮೂಲದಂತೆಯೇ ಒಂದರ ಮೇಲೊಂದು ಪ್ರಭಾವ ಬೀರುತ್ತ ತಿರುಗುತ್ತವೆ. ಡಿಸ್ಟಾರ್ಷನ್ನಿನ ಲೆಕ್ಕ ಮಾಡುವಾಗ ಬರುವ ಇನ್ನೊಂದು ಅಪಾಯಕ್ಕೆ ಏಲಿಯಾಸಿಂಗ್ ಎಂದು ಹೆಸರು. ಸೆಕೆಂಡಿಗೆ 48,000 ಮಾದರಿಬಿಂದುಗಳಲ್ಲಿ ಧ್ವನಿಯನ್ನು ಅಳೆಯುವ ವ್ಯವಸ್ಥೆ 24 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರವನ್ನು ಹಿಡಿದಿಡಲಾರದು. 5 ಕಿಲೋಹರ್ಟ್ಸ್‌ನ ಸ್ವರದ ಏಳನೆಯ ಮೇಲುಸ್ವರ 35 ಕಿಲೋಹರ್ಟ್ಸ್ ಆಗಬೇಕಾದದ್ದು ಗೋಡೆಗೆ ತಾಗಿ ಹಿಂದಿರುಗಿದಂತೆ 13 ಕಿಲೋಹರ್ಟ್ಸ್‌ನಲ್ಲಿ ಕಾಣಿಸಿಕೊಂಡು, ಮೂಲ ಸ್ವರದೊಡನೆ ಯಾವ ಶ್ರುತಿಸಂಬಂಧವೂ ಇಲ್ಲದೆ ಕೀರಲಾಗಿ ಕೇಳಿಸುತ್ತದೆ. ಆಂತರಿಕ ಲೆಕ್ಕವನ್ನು ಹಲವು ಪಟ್ಟು ಹೆಚ್ಚಿನ ವೇಗದಲ್ಲಿ ಮಾಡಿ, ಮಿತಿಮೀರಿದ ಭಾಗವನ್ನು ಸೋಸಿ, ಮತ್ತೆ ಇಳಿಸುವ ಓವರ್‌ಸ್ಯಾಂಪ್ಲಿಂಗ್ ವಿಧಾನದಿಂದ ಈ ದೋಷವನ್ನು ತಗ್ಗಿಸಲಾಗುತ್ತದೆ. ಆರಂಭದ ಯಂತ್ರಗಳಲ್ಲಿ ಜನ ದೂರುತ್ತಿದ್ದ ಒರಟುತನಕ್ಕೆ ಇದೂ ಒಂದು ಕಾರಣವಾಗಿತ್ತು. ಇಂದಿನ ಒಳ್ಳೆಯ ಮಾದರಿಗಳ ವಿಷಯದಲ್ಲಿ ಆ ದೂರಿಗೆ ಆಧಾರವಿಲ್ಲ. ಆದುದರಿಂದ ಕೆಟ್ಟ ಟೋನಿನ ಮೂಲವನ್ನು ಬೇರೆಡೆ ಹುಡುಕುವುದೇ ನ್ಯಾಯ.

ಹಾಗೆ ಹುಡುಕಬೇಕಾದ ಮೊದಲ ತಾಣ ಸಂಕೇತ ಒಳಬರುವ ಬಾಗಿಲಲ್ಲೇ ಇದೆ. ಗಿಟಾರಿನ ಪಿಕಪ್ ದುರ್ಬಲ ಮೂಲವಾದ್ದರಿಂದ ಅದು ಕೂಡುವ ಸಾಧನ ಅದರಿಂದ ಬಹಳ ಕಡಿಮೆ ವಿದ್ಯುತ್ತನ್ನು ಎಳೆಯಬೇಕು. ವಾಲ್ವ್ ಆಂಪ್‌ಗಳ ಒಳದ್ವಾರದ ತಡೆ ಸಾಮಾನ್ಯವಾಗಿ ಹತ್ತು ಲಕ್ಷ ಓಮ್, ಅಂದರೆ ಒಂದು ಮೆಗಾಓಮ್, ಇರುವುದು ಇದಕ್ಕಾಗಿ. ಕಂಪ್ಯೂಟರಿಗೆ ಧ್ವನಿ ತಲುಪಿಸುವ ಆಡಿಯೋ ಇಂಟರ್‌ಫೇಸಿನಲ್ಲಿ ಗಿಟಾರಿಗೆಂದೇ ಇರುವ ಇನ್‌ಸ್ಟ್ರುಮೆಂಟ್ ದ್ವಾರವನ್ನು ಬಿಟ್ಟು ಲೈನ್ ದ್ವಾರಕ್ಕೆ ಕೇಬಲ್ ಚುಚ್ಚಿದರೆ ಮೇಲಿನ ಸ್ವರಗಳು ಅಲ್ಲಿಯೇ ಮಂಕಾಗುತ್ತವೆ, ಆಮೇಲೆ ಯಾವ ಮಾದರಿಯೂ ಅವನ್ನು ಮರಳಿ ತರಲಾರದು. ಇನ್ನು ಸಂಕೇತದ ಮಟ್ಟ. ವಾಲ್ವ್‌ನ ಬಾಗು ಒಳಬರುವ ಅಲೆಯ ಎತ್ತರವನ್ನೇ ಅವಲಂಬಿಸಿರುವುದರಿಂದ ಅದರ ಮಾದರಿಯೂ ಹಾಗೆಯೇ ವರ್ತಿಸುತ್ತದೆ. ಇಂಟರ್‌ಫೇಸಿನ ಗೇನ್ ನಾಬನ್ನು 6 ಡೆಸಿಬಲ್ ಏರಿಸಿದರೆ ಅಲೆಯ ಎತ್ತರ ಇಮ್ಮಡಿಯಾಗಿ, ಮೆಲುವಾಗಿರಬೇಕಾದ ಆಂಪ್ ಒರಟಾಗಿ ಮಾತಾಡುತ್ತದೆ. ಧ್ವನಿಮುದ್ರಣದಲ್ಲಿ ಸಂಕೇತ ಆದಷ್ಟು ದೊಡ್ಡದಿರಬೇಕೆಂಬ ಹಳೆಯ ಅಭ್ಯಾಸ ಇಲ್ಲಿ ಹಾನಿಕರ. ಇಂದಿನ 24 ಬಿಟ್ ಇಂಟರ್‌ಫೇಸುಗಳಲ್ಲಿ ಹಿನ್ನೆಲೆಯ ಸದ್ದು ಬಹಳ ಕಡಿಮೆ ಇರುವುದರಿಂದ ಗೇನ್ ನಾಬನ್ನು ಕನಿಷ್ಠ ಸ್ಥಾನದಲ್ಲಿಟ್ಟು ಆರಂಭಿಸಿ, ಮಾದರಿ ತಯಾರಿಸಿದವರು ಒಳಮಟ್ಟ ಇಷ್ಟಿರಲಿ ಎಂದು ಸೂಚಿಸಿದ್ದರೆ ಅದನ್ನು ಪಾಲಿಸುವುದು ಉತ್ತಮ. ಮಟ್ಟ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ: ಅಷ್ಟೇನೂ ಬಿರುಸಲ್ಲದ ಆಂಪ್ ಮಾದರಿಯಲ್ಲಿ ಮೆಲ್ಲಗೆ ಮೀಟಿದಾಗ ಸ್ವರ ತಿಳಿಯಾಗಿದ್ದು, ಬಲವಾಗಿ ಮೀಟಿದಾಗ ಮಾತ್ರ ಗರಗರಿಸಬೇಕು, ಗಿಟಾರಿನ ವಾಲ್ಯೂಮ್ ತಗ್ಗಿಸಿದರೆ ಆ ಗರಗರ ಮಾಯವಾಗಬೇಕು. ಈ ಸ್ಪಂದನೆ ಇಲ್ಲದಿದ್ದರೆ ಮುಂದಿನದನ್ನು ಮುಟ್ಟುವ ಮೊದಲು ಇಲ್ಲಿಯೇ ನಿಂತು ಸರಿಪಡಿಸಬೇಕು.

ಎರಡನೆಯ ತಾಣವೇ ಸ್ಪೀಕರ್. ಈ ಬರಹದ ಭಾರವೆಲ್ಲ ಇರುವುದು ಇಲ್ಲಿ. ಹಾಡು ಕೇಳುವ ಸ್ಪೀಕರ್ ತನಗೆ ಬಂದದ್ದನ್ನು ಬದಲಿಸದೆ ಒಪ್ಪಿಸಬೇಕೆಂಬ ಗುರಿಯಿಟ್ಟುಕೊಂಡಿದ್ದರೆ ಗಿಟಾರ್ ಸ್ಪೀಕರಿಗೆ ಅಂಥ ಗುರಿಯೇ ಇಲ್ಲ. ದಪ್ಪ ಕಾಗದದ ಹನ್ನೆರಡಿಂಚಿನ ಆ ಶಂಕು ಸುಮಾರು 80 ಹರ್ಟ್ಸ್‌ನಿಂದ 5 ಕಿಲೋಹರ್ಟ್ಸ್‌ವರೆಗೆ ಮಾತ್ರ ಬಲವಾಗಿ ನುಡಿದು, ಅಲ್ಲಿಂದ ಮೇಲೆ ಕಡಿದಾಗಿ ಇಳಿಯುತ್ತದೆ; 2ರಿಂದ 4 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಶಂಕುವಿನ ಮೈ ಒಂದಾಗಿ ಚಲಿಸದೆ ತುಂಡುತುಂಡಾಗಿ ಕಂಪಿಸುವುದರಿಂದ ಅಲ್ಲೊಂದು ಎದ್ದು ಕಾಣುವ ಉಬ್ಬು ಇರುತ್ತದೆ. ಡಿಸ್ಟಾರ್ಷನ್ ಹುಟ್ಟಿಸಿದ ಮೇಲುಸ್ವರಗಳ ರಾಶಿಯಲ್ಲಿ ಯಾವುದನ್ನು ಕೇಳಿಸಬೇಕು, ಯಾವುದನ್ನು ನುಂಗಬೇಕು ಎಂದು ತೀರ್ಮಾನಿಸುವುದು ಈ ಉಬ್ಬು ಮತ್ತು ಈ ಇಳುಕಲು. ಸ್ಪೀಕರಿನ ಹಂತವನ್ನು ತೆಗೆದುಹಾಕಿ ಅತ್ಯುತ್ತಮ ವಾಲ್ವ್ ಆಂಪನ್ನೇ ನೇರವಾಗಿ ಕೇಳಿದರೂ ಅದು ಸಿಟ್ಟಿಗೆದ್ದ ಜೇನುಹುಳುಗಳ ಹಿಂಡಿನಂತೆ ಕೇಳಿಸುತ್ತದೆ.

ಡಿಜಿಟಲ್ ಜಗತ್ತಿನಲ್ಲಿ ಸ್ಪೀಕರಿನ ಈ ಗುಣವನ್ನು ಹೊತ್ತು ತರುವುದು ಇಂಪಲ್ಸ್ ರೆಸ್ಪಾನ್ಸ್, ಚುಟುಕಾಗಿ ಐಆರ್. ಸ್ಪೀಕರಿಗೆ ಅತಿ ಚಿಕ್ಕದೊಂದು ಟಿಕ್ ಎಂಬ ಸದ್ದನ್ನು ಕೊಟ್ಟಾಗ ಅದು ಹೇಗೆ ಪ್ರತಿಧ್ವನಿಸಿ ಅಡಗುತ್ತದೆ ಎಂಬುದರ ದಾಖಲೆಯೇ ಐಆರ್. ಈ ದಾಖಲೆಯೊಂದಿದ್ದರೆ ಯಾವುದೇ ಧ್ವನಿ ಆ ಸ್ಪೀಕರಿನ ಮೂಲಕ ಹಾದು ಬಂದರೆ ಹೇಗಿರುತ್ತಿತ್ತು ಎಂದು ಕನ್ವಲ್ಯೂಷನ್ ಎಂಬ ಗುಣಾಕಾರದಿಂದ ಲೆಕ್ಕ ಹಾಕಬಹುದು. 48 ಕಿಲೋಹರ್ಟ್ಸ್‌ನಲ್ಲಿ 2,048 ಬಿಂದುಗಳ ಐಆರ್ ಎಂದರೆ ಸುಮಾರು 43 ಮಿಲಿಸೆಕೆಂಡಿನಷ್ಟು ಉದ್ದದ ಫೈಲು, ಅಷ್ಟೆ. ಗಾತ್ರದಲ್ಲಿ ಏನೂ ಅಲ್ಲದ ಈ ಫೈಲು ಟೋನಿನ ಮೇಲೆ ಬೀರುವ ಪ್ರಭಾವವನ್ನು, ನೂರಾರು ಸಮೀಕರಣಗಳಿಂದ ಕಟ್ಟಿದ ಆಂಪ್ ಮಾದರಿ ಕೂಡ ಸರಿಗಟ್ಟುವುದು ಕಷ್ಟ.

ಐಆರ್‌ನಲ್ಲಿ ಸ್ಪೀಕರ್ ಒಂದೇ ಇರುವುದಿಲ್ಲ, ಅದರೆದುರು ನಿಂತ ಮೈಕೂ ಇರುತ್ತದೆ. 1965ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ಗಿಟಾರ್ ಧ್ವನಿಮುದ್ರಣದ ಆಧಾರವಾಗಿರುವ ಶೂರ್ ಎಸ್‌ಎಂ57 ಮೈಕನ್ನು ಶಂಕುವಿನ ನಟ್ಟನಡುವೆ ಇಟ್ಟರೆ ನಾದ ಚೂಪಾಗುತ್ತದೆ, ಎರಡು ಬೆರಳಿನಷ್ಟು ಅಂಚಿನತ್ತ ಸರಿಸಿದರೆ ತುಂಬಿಕೊಳ್ಳುತ್ತದೆ, ಇನ್ನೂ ಸರಿಸಿದರೆ ಮಂಕಾಗುತ್ತದೆ. ಆಂಪ್‌ನ ಟ್ರೆಬಲ್ ನಾಬನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದರೂ ದೊರೆಯದ ಬದಲಾವಣೆ ಮೈಕು ಒಂದಂಗುಲ ಸರಿದರೆ ದೊರೆಯುತ್ತದೆ. ಕೀರಲು ನಾದವನ್ನು ಟ್ರೆಬಲ್ ತಗ್ಗಿಸಿ ಸರಿಪಡಿಸಲು ಹೊರಟವರು ಕೊನೆಗೆ ಕಂಬಳಿ ಹೊದ್ದ ನಾದಕ್ಕೆ ತಲುಪುವುದು ಈ ಕಾರಣದಿಂದ: ಗುಣಪಡಿಸಬೇಕಾದದ್ದು ಮೈಕಿನ ಜಾಗ, ಮುಟ್ಟುತ್ತಿರುವುದು ಆಂಪ್. ಸ್ಪೀಕರ್, ಮೈಕು, ಮೈಕಿನ ಜಾಗ ಎಂಬ ಮೂರೂ ಸರಿಹೋದ ಮೇಲೆ 80ರಿಂದ 100 ಹರ್ಟ್ಸ್‌ಗಿಂತ ಕೆಳಗಿನದನ್ನೂ, 7ರಿಂದ 8 ಕಿಲೋಹರ್ಟ್ಸ್‌ಗಿಂತ ಮೇಲಿನದನ್ನೂ ಸೋಸಿದರೆ ಸಾಮಾನ್ಯವಾಗಿ ಇನ್ನೇನೂ ಮಾಡಬೇಕಾಗುವುದಿಲ್ಲ. ಗಿಟಾರಿನ ಅತಿ ಮಂದ್ರ ತಂತಿಯೇ 82 ಹರ್ಟ್ಸ್‌ನಲ್ಲಿ ನುಡಿಯುವುದರಿಂದ ಅದರ ಕೆಳಗೆ ಉಳಿಸಿಕೊಳ್ಳಬೇಕಾದದ್ದು ಹೆಚ್ಚೇನೂ ಇಲ್ಲ.

ಡಿಜಿಟಲ್ ಟೋನ್ ಕುರಿತ ಬಹುದೊಡ್ಡ ನಿರಾಸೆಯ ಬೇರೂ ಇಲ್ಲಿಯೇ ಇದೆ. ಕೋಣೆಯಲ್ಲಿ ಆಂಪ್ ಇಟ್ಟು ನುಡಿಸುವ ವಾದಕ ಅದರಿಂದ ಎರಡು ಮೂರು ಮೀಟರ್ ದೂರದಲ್ಲಿ ನಿಂತಿರುತ್ತಾನೆ, ಸ್ಪೀಕರ್ ಅವನ ಮೊಣಕಾಲಿನ ಎತ್ತರದಲ್ಲಿರುತ್ತದೆ. ಹನ್ನೆರಡಿಂಚಿನ ಶಂಕು ಮೇಲಿನ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಚೆಲ್ಲುವುದರಿಂದ ಅವು ಅವನ ಕಿವಿಗೆ ಪೂರ್ತಿಯಾಗಿ ತಲುಪುವುದೇ ಇಲ್ಲ. ತಲುಪುವುದು ಗೋಡೆ, ನೆಲಗಳಿಗೆ ಬಡಿದು ಹದವಾದ ನಾದ. ಮೈಕಾದರೋ ಶಂಕುವಿನ ಮುಂದೆ ಒಂದೆರಡು ಅಂಗುಲದಲ್ಲಿ ಕುಳಿತು ಆ ಬೆಳಕನ್ನೆಲ್ಲ ನೇರವಾಗಿ ನೋಡುತ್ತದೆ. ಐಆರ್ ಒಳಗೊಂಡ ಯಾವುದೇ ಆಂಪ್ ಮಾದರಿ ಕೊಡುವುದು ಮೈಕು ಕೇಳಿದ ನಾದವನ್ನು, ಅಂದರೆ ಧ್ವನಿಮುದ್ರಿಕೆಗಳಲ್ಲಿ ಕೇಳಿಬರುವ ನಾದವನ್ನು. ಕೋಣೆಯಲ್ಲಿ ನಿಂತ ವಾದಕ ಕೇಳಿದ್ದನ್ನು ಅದು ಕೊಡುವುದಿಲ್ಲ. ಎರಡೂ ನಿಜವಾದ ನಾದಗಳೇ. ಕೋಣೆಯ ಅನುಭವವೇ ಬೇಕೆನ್ನುವವರು ಐಆರ್ ಹಂತವನ್ನು ಮುಚ್ಚಿ, ಮಾದರಿಯ ನಾದವನ್ನು ಪವರ್ ಆಂಪ್ ಮೂಲಕ ನಿಜವಾದ ಗಿಟಾರ್ ಸ್ಪೀಕರಿಗೆ ಕಳಿಸಬೇಕು. ಹೆಡ್‌ಫೋನಿನಲ್ಲಿ ಅದನ್ನು ಹುಡುಕುವುದು ವ್ಯರ್ಥ ಶ್ರಮ. ಹೆಡ್‌ಫೋನಿನಲ್ಲಿ ನುಡಿಸುವವರು ಸ್ವಲ್ಪ ರಿವರ್ಬ್, ಅಂದರೆ ಕೋಣೆಯ ಅನುರಣನ, ಬೆರೆಸಿದರೆ ಆ ಅಂತರ ಕೊಂಚ ಕಡಿಮೆಯಾಗುತ್ತದೆ.

ಮೂರನೆಯ ತಾಣ ಕೇಳುವ ಕಿವಿ. ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮನುಷ್ಯನ ಕಿವಿ ಎಲ್ಲ ಆವರ್ತನಗಳನ್ನೂ ಒಂದೇ ಸಮನಾಗಿ ಕೇಳುವುದಿಲ್ಲ. ಧ್ವನಿ ಮೆಲ್ಲಗಿದ್ದಾಗ ಮಂದ್ರ ಸ್ವರಗಳು ಬಹಳವಾಗಿಯೂ ಅತಿ ಮೇಲಿನ ಸ್ವರಗಳು ಸ್ವಲ್ಪಮಟ್ಟಿಗೂ ಮರೆಯಾಗಿ, ನಡುವಿನವು ಮುಂದೆ ಬರುತ್ತವೆ. ಬೆಂಗಳೂರಿನಂಥ ನಗರದ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ನುಡಿಸುವ ವಾದಕ ತನಗರಿವಿಲ್ಲದೆಯೇ ಬೇಸ್ ಏರಿಸಿ, ಟ್ರೆಬಲ್ ಏರಿಸಿ, ನಡುವಣ ಮಿಡ್ ತಗ್ಗಿಸಿ, ತುಂಬು ನಾದ ಸಿಕ್ಕಿತೆಂದು ಅದನ್ನು ಉಳಿಸಿಡುತ್ತಾನೆ. ಅದೇ ಸಿದ್ಧತೆಯನ್ನು ವಾದ್ಯವೃಂದದ ಅಭ್ಯಾಸಕ್ಕೆ ಒಯ್ದು ಧ್ವನಿ ಏರಿಸಿದಾಗ ಬೇಸ್ ಗುಡುಗುತ್ತದೆ, ಟ್ರೆಬಲ್ ಕಿವಿ ಚುಚ್ಚುತ್ತದೆ, ಗಿಟಾರ್ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಬೇಸ್ ಗಿಟಾರಿನ, ಡ್ರಮ್ಮಿನ, ಸಿಂಬಲ್ಲಿನ ಜಾಗಗಳಿಗೆ ನುಗ್ಗಿದ ಗಿಟಾರ್ ತನ್ನದೇ ಆದ 400 ಹರ್ಟ್ಸ್‌ನಿಂದ 3 ಕಿಲೋಹರ್ಟ್ಸ್‌ವರೆಗಿನ ಜಾಗವನ್ನು ಖಾಲಿ ಬಿಟ್ಟಿರುತ್ತದೆ. ಒಂಟಿಯಾಗಿ ಕೇಳಿದಾಗ ಮೂಗಿನಿಂದ ಹಾಡಿದಂತೆ ತೋರುವ ಮಿಡ್ ಪ್ರಧಾನ ನಾದವೇ ಮೇಳದಲ್ಲಿ ಸ್ಪಷ್ಟವಾಗಿ ನಿಲ್ಲುವುದುಂಟು. ಆದಕಾರಣ ಟೋನನ್ನು ತೀರ್ಮಾನಿಸುವ ಅರ್ಧ ಗಂಟೆಯಾದರೂ, ಎದುರು ಕುಳಿತವರೊಡನೆ ಮಾತಾಡಲು ದನಿ ಎತ್ತರಿಸಬೇಕಾಗುವಷ್ಟು ಗಟ್ಟಿಯಾಗಿ, ಹಾಡಿನ ಉಳಿದ ವಾದ್ಯಗಳ ಜೊತೆಯಲ್ಲೇ ಕೇಳಬೇಕು.

ಆಂಪ್‌ನ ಗೇನ್, ಅಂದರೆ ಡಿಸ್ಟಾರ್ಷನ್ನಿನ ಪ್ರಮಾಣ, ಈ ಮಾತಿಗೇ ಸೇರಿದ್ದು. ಒಂಟಿ ವಾದನದಲ್ಲಿ ಹೆಚ್ಚು ಗೇನ್ ಹಿತವಾಗಿ ಕಂಡರೂ ಅದು ಅಲೆಗಳ ನೆತ್ತಿಯನ್ನೆಲ್ಲ ಒಂದೇ ಎತ್ತರಕ್ಕೆ ಕತ್ತರಿಸಿ ಮೀಟಿನ ಪೆಟ್ಟನ್ನು ಅಳಿಸಿಹಾಕುತ್ತದೆ. ಗಟ್ಟಿಯಾದ ರಾಕ್ ಧ್ವನಿಮುದ್ರಿಕೆಗಳಲ್ಲಿ ಕೇಳುವ ಭಾರೀ ಗೋಡೆಯಂಥ ನಾದ ಅನೇಕ ವೇಳೆ ಸಾಧಾರಣ ಗೇನ್‌ನಲ್ಲಿ ಒಂದೇ ಭಾಗವನ್ನು ಎರಡು ಬಾರಿ ನುಡಿಸಿ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಟ್ಟು ಕಟ್ಟಿದ್ದು. ಎಸಿ/ಡಿಸಿ ತಂಡದ ಮಾಲ್ಕಂ ಯಂಗ್ ಅವರ ರಿದಮ್ ಗಿಟಾರ್ ಎಷ್ಟು ಕಡಿಮೆ ಡಿಸ್ಟಾರ್ಷನ್ನಿನಲ್ಲಿ ನಿಂತಿದೆ ಎಂಬುದನ್ನು ಗಮನವಿಟ್ಟು ಕೇಳಿದವರು ಬೆರಗಾಗುತ್ತಾರೆ. ತೀರ ಬಿರುಸಾದ ಮೆಟಲ್ ಶೈಲಿಯಲ್ಲೂ ಆಂಪ್‌ನ ಗೇನ್ ತಗ್ಗಿಸಿ, ಅದರ ಮುಂದೆ ಐಬನೆಜ್ ಟ್ಯೂಬ್ ಸ್ಕ್ರೀಮರ್‌ನಂಥ ಪೆಡಲಿನ ಮಾದರಿಯನ್ನು ಡ್ರೈವ್ ಶೂನ್ಯಕ್ಕೂ ಲೆವೆಲ್ ಪೂರ್ತಿಗೂ ಇಟ್ಟು ಬಳಸುವ ರೂಢಿಯಿದೆ. ಆ ಪೆಡಲ್ ಕೆಳಗಿನ ಸ್ವರಗಳನ್ನು ತೆಳುಗೊಳಿಸಿ ಕಳಿಸುವುದರಿಂದ ಆಂಪ್‌ನೊಳಗಿನ ಕಲಸುಮೇಲೋಗರ ತಪ್ಪಿ, ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳುತ್ತದೆ.

ಡಿಜಿಟಲ್ ಯಂತ್ರದಲ್ಲಿ ಮೀಟಿದ ಸ್ವರ ತಡವಾಗಿ ಬರುತ್ತದೆಂಬ ಆಕ್ಷೇಪಕ್ಕೂ ಒಂದು ಮಾತು ಸಲ್ಲಬೇಕು. 48 ಕಿಲೋಹರ್ಟ್ಸ್‌ನಲ್ಲಿ 128 ಬಿಂದುಗಳ ಬಫರ್ ಎಂದರೆ 2.7 ಮಿಲಿಸೆಕೆಂಡು, ಒಳಬರುವಾಗ ಹೊರಹೋಗುವಾಗ ಎರಡೂ ಸೇರಿ, ಪರಿವರ್ತನೆಯ ಹೊತ್ತೂ ಕೂಡಿದರೆ ಇದು ಏಳೆಂಟು ಮಿಲಿಸೆಕೆಂಡು ಆಗಬಹುದು. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಹೆಡ್‌ಫೋನಿನಲ್ಲಿ ಕೇಳುವ ವಾದಕನಿಗೆ ಆಗುವ ತಡ, ಆಂಪ್‌ನಿಂದ ಎರಡೂವರೆ ಮೀಟರ್ ದೂರ ನಿಂತವನಿಗೆ ಆಗುವ ತಡದಷ್ಟೇ. ಅದನ್ನು ಯಾವ ವಾದಕನೂ ದೋಷವೆಂದು ಎಣಿಸಿದ್ದಿಲ್ಲ.

ವಾಲ್ವ್ ಆಂಪ್‌ಗಳ ಪರಂಪರೆ ಇದರಿಂದ ಹಳತಾಗಿಬಿಟ್ಟಿತೆಂದು ಹೇಳುವುದು ಈ ಬರಹದ ಇಂಗಿತವಲ್ಲ. ಸ್ಪೀಕರಿನ ಗಾಳಿ ಎದೆಗೆ ಬಡಿದು, ಗಿಟಾರಿನ ಮರ ಕಂಪಿಸಿ, ತಂತಿ ತಾನಾಗಿ ಮತ್ತೆ ನುಡಿಯತೊಡಗುವ ಫೀಡ್‌ಬ್ಯಾಕ್ ಅನುಭವವನ್ನು ಹೆಡ್‌ಫೋನ್ ಕೊಡಲಾರದು. ಆದರೆ ಆ ಅನುಭವಕ್ಕೆ ಬೇಕಾದದ್ದು ಸದ್ದಿನ ಪ್ರಮಾಣ. ಡಿಜಿಟಲ್ ಮಾದರಿಯನ್ನೂ ಅಷ್ಟೇ ಗಟ್ಟಿಯಾಗಿ ಗಿಟಾರ್ ಸ್ಪೀಕರಿನಲ್ಲಿ ನುಡಿಸಿದರೆ ತಂತಿ ಹಾಗೆಯೇ ಮರುನುಡಿಯುತ್ತದೆ. ಅಮೆರಿಕದ 120 ವೋಲ್ಟಿಗೆ ತಯಾರಾದ ಆಂಪನ್ನು ಇಲ್ಲಿನ 230 ವೋಲ್ಟಿಗೆ ಹೊಂದಿಸುವ ಟ್ರಾನ್ಸ್‌ಫಾರ್ಮರಿನ ಖರ್ಚು, ಸವೆದ ವಾಲ್ವ್‌ಗೆ ಬದಲಿ ತರಿಸುವ ತೊಂದರೆ, ಮೂರನೆಯ ಮಹಡಿಗೆ ಹೊರುವ ಭಾರ ಇವೆಲ್ಲವನ್ನೂ ಬಲ್ಲ ಕರ್ನಾಟಕದ ವಾದಕನಿಗೆ ಡಿಜಿಟಲ್ ಮಾದರಿ ಮೊದಲ ಆಯ್ಕೆಯಾಗಿರುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಇಲ್ಲಿ ಹೇಳಿದ್ದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳುವ ಅಗತ್ಯವೂ ಇಲ್ಲ. ಯಂತ್ರವನ್ನು ಈಗಾಗಲೇ ಹೊಂದಿರುವ ಓದುಗರು ಒಂದು ಆಂಪ್ ಮಾದರಿಯನ್ನು ಆರಿಸಿ, ಅದರ ನಾಬ್‌ಗಳನ್ನೆಲ್ಲ ನಡುವಿಗೆ ನಿಲ್ಲಿಸಿ, ಒಂದೇ ಗತ್ತನ್ನು ನುಡಿಸುತ್ತ ಐದು ಬೇರೆ ಬೇರೆ ಐಆರ್‌ಗಳನ್ನು ಬದಲಿಸಿ ಕೇಳಲಿ. ಬಳಿಕ ಒಂದು ಐಆರ್ ಅನ್ನು ಕದಲಿಸದೆ ಇಟ್ಟು, ಗೇನ್ ಹೆಚ್ಚು ಕಡಿಮೆ ಸಮನಾಗಿರುವ ಐದು ಆಂಪ್ ಮಾದರಿಗಳನ್ನು ಬದಲಿಸಿ ಅದೇ ಗತ್ತನ್ನು ನುಡಿಸಲಿ. ಎರಡರಲ್ಲಿ ಯಾವ ಬದಲಾವಣೆ ದೊಡ್ಡದೆಂಬುದನ್ನು ಕಿವಿ ಹತ್ತು ನಿಮಿಷದಲ್ಲಿ ಹೇಳುತ್ತದೆ.